ಸಿಕ್ಕ ಹೊನ್ನು, ಹುಟ್ಟಿದ ಗುಮಾನಿ

1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲು ಹಾದಿಗಾಗಿ ನೆಲ ಅಗೆಯುತ್ತಿದ್ದಾಗ ಬೆಳ್ಳಿಯ ನಾಣ್ಯಗಳು ಸಿಕ್ಕವು. ಎಣಿಸಿದರೆ 163. ಅವುಗಳ ಮೇಲೆ ಈ ನಾಡಿನ ಅಕ್ಷರವೂ ಇರಲಿಲ್ಲ, ಈ ನಾಡಿನ ದೇವರೂ ಇರಲಿಲ್ಲ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಎಂಬ ರೋಮ್ ಚಕ್ರವರ್ತಿಗಳ ಮುಖಗಳಿದ್ದವು. 1965ರಲ್ಲಿ ಅದೇ ಬೆಂಗಳೂರಿನ ಇನ್ನೊಂದು ದಿಕ್ಕಿನಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ, ಅದೇ ಕಾಲದ ಇನ್ನೂ 256 ಬೆಳ್ಳಿ ನಾಣ್ಯಗಳು ಹೊರಬಂದವು. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಸಾವಿರದ ನಾನೂರು, ಸಾವಿರದ ಐನೂರು ವರ್ಷ ಮೊದಲೇ ಈ ಎತ್ತರದ ಬಯಲಿನಲ್ಲಿ ದೂರದೇಶದ ಹಣ ಓಡಾಡುತ್ತಿತ್ತು ಎಂದು ಇವತ್ತು ಧೈರ್ಯವಾಗಿ ಹೇಳುವುದು ಈ ಎರಡು ರಾಶಿಗಳ ಬಲದಿಂದ.

ಅವು ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಅದಕ್ಕೆ ಕಾರಣಗಳಿವೆ. ನೂರಾರು ನಾಣ್ಯಗಳು ಒಂದೇ ಕಡೆ ಒಟ್ಟಿಗೆ ಸಿಕ್ಕಿದ್ದವು. ಸಿಕ್ಕ ಜಾಗ ಗೊತ್ತಿತ್ತು. ಜೊತೆಗೆ ಇನ್ನೊಂದು ವಿಷಯವಿದೆ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಯವು ಮತ್ತೆ ಮತ್ತೆ ಕಾಣಸಿಗುತ್ತವೆ: ಅಗಸ್ಟಸ್‌ನ ಇಬ್ಬರು ಮೊಮ್ಮಕ್ಕಳು ಗುರಾಣಿ ಹಿಡಿದು ನಿಂತಿರುವುದು ಒಂದು, ಟೈಬೀರಿಯಸ್‌ನ ತಲೆಯ ಹಿಂಬದಿಯಲ್ಲಿ ಕುಳಿತ ಹೆಂಗಸಿನ ಚಿತ್ರವಿರುವುದು ಇನ್ನೊಂದು. ಕೊಯಮತ್ತೂರಿನ ಕಡೆಯ ರಾಶಿಗಳಲ್ಲೂ ಇವೇ ಹೆಚ್ಚು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ರ ನಾಣ್ಯಗಳು ಸಾತವಾಹನರ ನಾಣ್ಯಗಳು ಸಿಗುವ ನೆಲದಲ್ಲೇ ಸಿಕ್ಕಿವೆ. ಹೀಗೆ ಒಂದು ರಾಶಿಯ ಮಾತಿಗೆ ಇನ್ನೊಂದು ರಾಶಿ ಸಾಕ್ಷಿ ನಿಲ್ಲುತ್ತದೆ.

ಈಗ ಆ 163ರಲ್ಲಿ ಒಂದನ್ನು ಮಾತ್ರ ತೆಗೆದು, ಯಾವುದೋ ನಾಣ್ಯ ಪ್ರದರ್ಶನದ ಮೇಜಿನ ಮೇಲೆ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದಾರೆ ಅಂದುಕೊಳ್ಳಿ. ಅದೇ ಬೆಳ್ಳಿ, ಅದೇ ಮುಖ, ಅದೇ ತೂಕ. ಎಲ್ಲಿಯದು ಎಂದು ಕೇಳಿದರೆ ಮಾರುವವನು ‘ನಮ್ಮ ತಾತನ ಕಾಲದಿಂದ ಮನೆಯಲ್ಲೇ ಇತ್ತು ಸಾರ್’ ಅನ್ನುತ್ತಾನೆ. ಅಲ್ಲಿಂದ ಗುಮಾನಿ ಶುರು. ನಾಣ್ಯದಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಅದರ ಊರು ಕಳೆದುಹೋಗಿದೆ, ಅಷ್ಟೆ. ನಾಣ್ಯ ಸಂಗ್ರಹದಲ್ಲಿ ಏಳುವ ಮುಕ್ಕಾಲು ಪಾಲು ಜಗಳಗಳ ಬೇರು ಇಲ್ಲಿದೆ.

ಈ ಬೇರನ್ನು ವಂಚಕರು ಚೆನ್ನಾಗಿ ಬಲ್ಲರು. ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸುದ್ದಿ ಇದೆ. ದೂರದ ಊರಿನ ವ್ಯಾಪಾರಿಗೋ ನಿವೃತ್ತ ನೌಕರರಿಗೋ ಒಂದು ಫೋನ್ ಬರುತ್ತದೆ: ‘ಅಣ್ಣಾ, ಮನೆಗೆ ಪಾಯ ತೆಗೀವಾಗ ಬಂಗಾರದ ನಾಣ್ಯ ಸಿಕ್ಕಾವ. ನಾವು ಬಡವರು, ಹೊರಗ ಹೇಳಿದ್ರ ಪೊಲೀಸರು ಹಿಡೀತಾರ. ಅರ್ಧ ರೇಟಿಗೆ ತಗೋರಿ.’ ಮೊದಲು ಒಂದೋ ಎರಡೋ ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗರ ಹತ್ತಿರ ಒರೆಗೆ ಹಚ್ಚಿಸಿದರೆ ಅಪ್ಪಟ ಚಿನ್ನ. ನಂಬಿಕೆ ಕುದುರುತ್ತದೆ. ಲಕ್ಷಗಟ್ಟಲೆ ಹಣ ಹಿಡಿದು ಊರ ಹೊರಗಿನ ಹೊಲಕ್ಕೆ ಹೋದವರ ಕೈಗೆ ಬರುವುದು ಹಳದಿ ಲೋಹದ ಬಿಲ್ಲೆಗಳ ಗಂಟು. ದಾವಣಗೆರೆ, ವಿಜಯನಗರ, ಬಳ್ಳಾರಿ ಕಡೆಯ ಠಾಣೆಗಳಿಗೆ ಇಂಥ ದೂರು ಹೊಸದಲ್ಲ.

ಇಷ್ಟು ಹಳೆಯ ಕಥೆಯನ್ನು ಜನ ಇನ್ನೂ ನಂಬುವುದನ್ನು ಬರಿಯ ದುರಾಸೆ ಎಂದು ತಳ್ಳಿಹಾಕುವುದು ಸರಿಯಲ್ಲ. ನಿಜವಾದ ನಾಣ್ಯಗಳೂ ಈ ನೆಲದಲ್ಲಿ ಹೀಗೇ ಸಿಕ್ಕಿವೆ: ಪಾಯ ತೆಗೆಯುವಾಗ, ಹೊಲ ಉಳುವಾಗ, ಹಾಳುಗೋಡೆ ಕೆಡವುವಾಗ. ಬ್ಯಾಂಕಿಲ್ಲದ ಕಾಲದಲ್ಲಿ ಜನ ಹಣವನ್ನು ಮಡಕೆಯಲ್ಲಿ ತುಂಬಿ ನೆಲದಡಿ ಇಡುತ್ತಿದ್ದರು. ದಂಡು ಬಂತೆಂದರೆ ಹೂತು ಓಡುತ್ತಿದ್ದರು. ಎಲ್ಲರೂ ಮರಳಿ ಬರಲಿಲ್ಲ. ನಿಧಿ ಸಿಗುವುದು ಎಷ್ಟು ಸಹಜ ಸಂಗತಿಯಾಗಿತ್ತೆಂದರೆ, ವಿಜಯನಗರ ಕಾಲದ ದಾನಶಾಸನಗಳು ಭೂಮಿ ಕೊಡುವಾಗ ಅದರೊಂದಿಗೆ ಬರುವ ಎಂಟು ಹಕ್ಕುಗಳನ್ನು ಹೆಸರಿಸುತ್ತವೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೀರಿಗೂ ಕಲ್ಲಿಗೂ ಮೊದಲು ಬರುವುದು ನೆಲದಡಿಯ ಹಣ. ಅಗ್ರಹಾರ ಪಡೆದವರ ಹೊಲದಲ್ಲಿ ಕೊಡ ಸಿಕ್ಕರೆ ಅದು ಯಾರಿಗೆ ಸೇರಬೇಕು ಎಂಬುದನ್ನು ಅರಸ ಮೊದಲೇ ಬರೆದುಕೊಡುತ್ತಿದ್ದ.

ಕನ್ನಡ ನಾಡಿನ ನಾಣ್ಯಗಳನ್ನು ಶಾಸ್ತ್ರದ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಅವನ ಬದುಕೇ ಒಂದು ಕಥೆ. 1824ರ ಕಿತ್ತೂರು ಕದನದಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಇದೇ ಎಲಿಯಟ್. ಆಗವನಿಗೆ ಇಪ್ಪತ್ತೊಂದರ ಆಸುಪಾಸು. ಬಿಡುಗಡೆಯಾದ ಮೇಲೆ ಅವನು ಈ ನಾಡನ್ನು ದ್ವೇಷಿಸಲಿಲ್ಲ. ಧಾರವಾಡ ಸೀಮೆಯಲ್ಲಿ ಓಡಾಡಿ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ, ನಾಣ್ಯ ಕೂಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಅವನ ಪುಸ್ತಕ ಅಚ್ಚಾದದ್ದು 1885ರಲ್ಲಿ. ಅಷ್ಟರಲ್ಲಿ ಅವನ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಒಂದು ಜೀವಮಾನ ನಾಣ್ಯದ ಅಕ್ಷರ ಓದಿದವನು ಕೊನೆಯಲ್ಲಿ ಅವುಗಳ ಬಗ್ಗೆ ಅವನ್ನು ಸರಿಯಾಗಿ ಕಾಣದೆಯೇ ಬರೆಯಬೇಕಾಯಿತು.

ಶಾಸನ ಮತ್ತು ನಾಣ್ಯ, ಎರಡನ್ನೂ ಒಟ್ಟಿಗೆ ಓದಿದ್ದೇ ಅವನ ತಲೆಮಾರಿನ ದೊಡ್ಡ ಕೊಡುಗೆ. ಹೊಯ್ಸಳರ ಚಿನ್ನದ ನಾಣ್ಯವನ್ನೇ ನೋಡಿ. ಸುಮಾರು 4 ಗ್ರಾಂ ತೂಕದ ಆ ಗದ್ಯಾಣಗಳ ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಕನ್ನಡ ಅಕ್ಷರ: ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’. ಅರಸನ ಹೆಸರಿಲ್ಲ. ಆದರೆ ಚೋಳರಿಂದ ತಲಕಾಡನ್ನು ಗೆದ್ದು ಈ ಬಿರುದು ಹೊತ್ತವನು ವಿಷ್ಣುವರ್ಧನ ಎಂದು ಅವನ ಶಾಸನಗಳೇ ಹೇಳುತ್ತವೆ. ಕಲ್ಲಿನ ಮೇಲಿನ ಬಿರುದು ಚಿನ್ನದ ಮೇಲೂ ಇದ್ದಾಗ ನಾಣ್ಯಕ್ಕೆ ಒಡೆಯ ಸಿಗುತ್ತಾನೆ. ಹನ್ನೆರಡನೆಯ ಶತಮಾನದ ಕನ್ನಡ ಲಿಪಿ ಇಲ್ಲಿ ಪರೀಕ್ಷಕನಿಗೆ ದೊಡ್ಡ ಆಸರೆ. ಇಂದಿನ ಖದೀಮ ಪುಸ್ತಕದ ಫೋಟೋ ನೋಡಿ ಅಚ್ಚು ಕೊರೆಯುತ್ತಾನೆ. ಅಕ್ಷರ ಅವನಿಗೆ ಬರಿಯ ಗೆರೆ. ತಲೆಕಟ್ಟು ಎಲ್ಲಿ ನಿಲ್ಲಬೇಕು, ಒತ್ತು ಎಲ್ಲಿ ತಿರುಗಬೇಕು ಎಂಬುದು ಅವನಿಗೆ ತಿಳಿಯದು. ಹಳೆಗನ್ನಡ ಶಾಸನ ಓದಲು ಬಲ್ಲವರಿಗೆ ಮೋಸ ಅಲ್ಲಿಯೇ ಕಾಣುತ್ತದೆ.

ಪ್ರವಾಸಿಗಳ ಬರಹವೂ ಹೀಗೆ ನೆರವಿಗೆ ಬಂದಿದೆ. ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಎರಡು ವಿಗ್ರಹಗಳಿರುತ್ತವೆ, ಈಗಿನ ದೊರೆ ಹೊಡೆಸಿದ ನಾಣ್ಯದಲ್ಲಿ ಮಾತ್ರ ಒಂದೇ ವಿಗ್ರಹವಿದೆ ಎಂದು ಬರೆದಿಟ್ಟ. ಇವತ್ತು ಕೈಗೆ ಸಿಗುವ ಕೃಷ್ಣರಾಯನ ವರಾಹದ ಮೇಲೆ ಇರುವುದು ಕುಳಿತ ಬಾಲಕೃಷ್ಣನೊಬ್ಬನೇ, ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಐನೂರು ವರ್ಷದ ಹಿಂದೆ ಪೇಟೆಯಲ್ಲಿ ನಿಂತು ನೋಡಿದವನ ಮಾತು ನಾಣ್ಯಕ್ಕೆ ಇಷ್ಟು ಸರಿಯಾಗಿ ಹೊಂದುವುದು ಅಪರೂಪ.

ನಕಲಿಯನ್ನು ಅಸಲಿ ಎಂದು ನಂಬುವುದು ಒಂದು ತಪ್ಪು. ಅಸಲಿಯನ್ನು ನಕಲಿ ಎಂದು ಎಸೆಯುವುದು ಅದಕ್ಕಿಂತ ದೊಡ್ಡ ನಷ್ಟ. ಹೈದರ್ ಅಲಿಯ ಚಿನ್ನದ ವರಾಹವನ್ನು ಮೊದಲ ಸಲ ಕಂಡ ಯಾರಿಗಾದರೂ ಸಂಶಯ ಬಂದೇ ಬರುತ್ತದೆ: ಒಂದು ಬದಿಯಲ್ಲಿ ಶಿವ-ಪಾರ್ವತಿ, ಮಗುಚಿದರೆ ಹೈದರನ ಹೆಸರಿನ ಮೊದಲ ಅರಬ್ಬಿ ಅಕ್ಷರ. ಯಾರೋ ಎರಡು ನಾಣ್ಯದ ಅಚ್ಚು ಬೆರೆಸಿ ಮಾಡಿದ ತಮಾಷೆಯಂತೆ ಕಾಣುತ್ತದೆ. ಆದರೆ ಅದು ಅಪ್ಪಟ ಅಸಲಿ. ಉಮಾಮಹೇಶ್ವರರ ಚಿತ್ರ ವಿಜಯನಗರದ ಸದಾಶಿವರಾಯನ ವರಾಹದಲ್ಲಿತ್ತು. ಅಲ್ಲಿಂದ ಇಕ್ಕೇರಿಯ ನಾಯಕರ ವರಾಹಕ್ಕೆ ಬಂತು. 1763ರಲ್ಲಿ ಬಿದನೂರು ಗೆದ್ದ ಹೈದರ್, ಮಲೆನಾಡಿನ ಅಡಿಕೆ-ಮೆಣಸಿನ ಪೇಟೆ ನೂರಾರು ವರ್ಷ ನಂಬಿದ್ದ ಆ ಮುಖವನ್ನು ಹಾಗೇ ಉಳಿಸಿಕೊಂಡ. ವ್ಯಾಪಾರಿ ಒಪ್ಪದ ನಾಣ್ಯದಿಂದ ದೊರೆಗೆ ಏನು ಲಾಭ?

ಮಗ ಟಿಪ್ಪು ಬೇರೆ ಹಾದಿ ಹಿಡಿದ. ಅವನ ತಾಮ್ರದ ಆನೆ ಪೈಸೆಗಳು ಹಳೆ ಮೈಸೂರಿನ ಹಳ್ಳಿಗಳಲ್ಲಿ ಈಗಲೂ ಸಿಗುತ್ತವೆ. ಶ್ರೀರಂಗಪಟ್ಟಣದ ಸುತ್ತ ಪ್ರವಾಸಿಗಳಿಗೆ ಮಾರಲು ತಂದವೂ ಸಿಗುತ್ತವೆ. ಎರಡನ್ನೂ ಬೇರೆ ಮಾಡಲು ಟಿಪ್ಪುವಿನ ಹೊಸತನದ ಹುಚ್ಚೇ ಸಹಾಯ ಮಾಡುತ್ತದೆ. ಆಳ್ವಿಕೆಯ ಐದನೆಯ ವರ್ಷದ ಹೊತ್ತಿಗೆ ಅವನು ಹಿಜರಿ ಶಕ ಬಿಟ್ಟು ಮೌಲೂದಿ ಎಂಬ ಹೊಸ ಎಣಿಕೆ ತಂದ. ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಎಂಬುದು ನಮ್ಮ ಕಣ್ಣಿಗೆ 8121 ಎಂದು ಕಾಣಬೇಕು. ಕೊನೆಯ ನಾಲ್ಕು ವರ್ಷ, ಅಂದರೆ 1224ರಿಂದ 1227ರವರೆಗೆ, ತಾಮ್ರದ ನಾಣ್ಯದ ಮೇಲೆ ಅರಬ್ಬಿ ವರ್ಣಮಾಲೆಯ ಅಕ್ಷರಗಳು ಒಂದೊಂದು ವರ್ಷಕ್ಕೆ ಒಂದರಂತೆ ಸಾಲಾಗಿ ಬರುತ್ತವೆ. ನಾಣ್ಯಕ್ಕೂ ಹೆಸರು, ಟಂಕಸಾಲೆಗೂ ಹೆಸರು. ಇಮ್ಮಡಿ ರೂಪಾಯಿ ಹೈದರಿ, ರೂಪಾಯಿ ಇಮಾಮಿ, ತಾಮ್ರದ ಪೈಸೆ ಜೊಹರಾ. ಬಿದನೂರು ನಗರವಾಯಿತು, ಚಿತ್ರದುರ್ಗ ಫರ್ರುಖಯಾಬ್ ಹಿಸಾರ್ ಆಯಿತು. ಇಸವಿ, ಅಕ್ಷರ, ಊರು, ನಾಣ್ಯದ ಹೆಸರು ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಅಂದಗಾಣಲೆಂದು ಮಾಡಿದ ಬಿಲ್ಲೆಯಲ್ಲಿ ಆನೆ ಚೆನ್ನಾಗಿರುತ್ತದೆ, ಲೆಕ್ಕ ತಪ್ಪಿರುತ್ತದೆ. ಹೆಂಡರ್‌ಸನ್ ಎಂಬವರು 1921ರಲ್ಲಿ ಮದ್ರಾಸಿನಿಂದ ಹೊರತಂದ ಹೈದರ್-ಟಿಪ್ಪು ನಾಣ್ಯಗಳ ಪಟ್ಟಿಯನ್ನು ಸಂಗ್ರಾಹಕರು ಇಂದಿಗೂ ತಿರುವುವುದು ಇದಕ್ಕೇ.

ಹಳೆಯ ನಕಲುಗಳದ್ದು ಬೇರೆಯೇ ಲೋಕ. ಉತ್ತರ ಕರ್ನಾಟಕದ, ಮಹಾರಾಷ್ಟ್ರದ ಹೆಂಗಸರ ಕೊರಳಲ್ಲಿ ಪುತಳಿ ಸರ ಇರುತ್ತಿತ್ತಲ್ಲ, ಅದರ ಮೂಲ ಇಟಲಿಯ ವೆನಿಸ್ ನಗರದ ಡುಕಾಟ್ ಎಂಬ ಚಿನ್ನದ ನಾಣ್ಯ. ಸಂತ ಮಾರ್ಕನ ಮುಂದೆ ವೆನಿಸ್‌ನ ಅಧಿಪತಿ ಮಂಡಿಯೂರಿದ ಚಿತ್ರ ಅದರಲ್ಲಿದೆ. ಚಿನ್ನ ಶುದ್ಧವಾದ್ದರಿಂದ ಜನ ಮೆಚ್ಚಿದರು. ಬೇಡಿಕೆ ಹೆಚ್ಚಿದಾಗ ಇಲ್ಲಿನ ಅಕ್ಕಸಾಲಿಗರೇ ಅಂಥವನ್ನು ಮಾಡಿದರು. ಲ್ಯಾಟಿನ್ ಅಕ್ಷರ ಬರಿಯ ಗೀಟುಗಳಾದವು, ಸಂತನೂ ಅಧಿಪತಿಯೂ ಜೋಡಿ ಗೊಂಬೆಗಳಾದರು. ರೋಮನ್ ಚಿನ್ನದ ನಾಣ್ಯಗಳಿಗೂ ದಕ್ಷಿಣದಲ್ಲಿ ಇಂಥ ಅನುಕರಣೆಗಳು ಹುಟ್ಟಿದ್ದವು. ಇವನ್ನು ಖೋಟಾ ಎಂದು ಕರೆದು ಬದಿಗಿಡುವುದು ಅನ್ಯಾಯ. ಯಾರನ್ನೂ ವಂಚಿಸಲು ಮಾಡಿದವಲ್ಲ ಅವು. ಸಮುದ್ರದಾಚೆಯ ಒಂದು ರೂಪವನ್ನು ಈ ನೆಲದ ಕೈ ಹೇಗೆ ತನ್ನದಾಗಿಸಿಕೊಂಡಿತು ಎಂಬುದನ್ನು ತೋರಿಸುತ್ತವೆ.

ಅಂಥ ಮರ್ಯಾದೆಗೆ ಅರ್ಹವಲ್ಲದ ನಕಲು ಇನ್ನೊಂದಿದೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಮೊಬೈಲಿನ ವಿಡಿಯೋಗಳಲ್ಲಿ ಅದು ಎಲ್ಲೆಲ್ಲೂ ಇದೆ: ರಾಮ, ಲಕ್ಷ್ಮಣ, ಸೀತೆ ಅಥವಾ ಹನುಮಂತನ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ, ಅರ್ಧ ಆಣೆ ಎಂಬ ಬೆಲೆ. ಕಂಪನಿ ಇಂಥ ನಾಣ್ಯವನ್ನು ಎಂದೂ ಹೊಡೆಸಲಿಲ್ಲ. 1818ರಲ್ಲಿ ಮದ್ರಾಸು, ಮುಂಬಯಿ, ಬಂಗಾಳ ಮೂರಕ್ಕೂ ಬೇರೆ ಬೇರೆ ನಾಣ್ಯಗಳಿದ್ದವು; ಇಡೀ ದೇಶಕ್ಕೆ ಒಂದೇ ಬಗೆಯ ನಾಣ್ಯ ಬಂದದ್ದು 1835ರಲ್ಲಿ, ಅದೂ ದೊರೆ ನಾಲ್ಕನೆಯ ವಿಲಿಯಮ್ಮನ ತಲೆಯೊಂದಿಗೆ. ನಂಬಿದವರು ಪೂರ್ತಿ ದಡ್ಡರೂ ಅಲ್ಲ, ಏಕೆಂದರೆ ಮದ್ರಾಸಿನ ಕಂಪನಿ ಸರ್ಕಾರ ಗೋಪುರ ಮತ್ತು ವಿಷ್ಣುವಿನ ಚಿತ್ರವಿರುವ ಚಿನ್ನದ ಪಗೋಡ ಹೊಡೆಸಿದ್ದು ನಿಜ. ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳನ್ನು ದೇವರ ಮನೆಯಲ್ಲಿಟ್ಟು ಪೂಜಿಸುವ ಪದ್ಧತಿಯೂ ಹಳೆಯದು. ಆ ಎರಡು ನಿಜಗಳನ್ನು ಬೆಸೆದು ಒಂದು ಸುಳ್ಳು ಮಾಡಿದ್ದಾರೆ.

ಆ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಇಂಥ ಬಿಲ್ಲೆಗೆ ಅಕ್ಕಿಕಾಳನ್ನು ಸೆಳೆಯುವ ಶಕ್ತಿಯಿದೆ, ಕೋಟಿ ಕೋಟಿ ಬೆಲೆಯಿದೆ ಎಂದು ನಂಬಿಸುವ ‘ರೈಸ್ ಪುಲ್ಲಿಂಗ್’ ದಂಧೆಯಲ್ಲಿ ಓದಿದವರೂ ಹಣ ಕಳೆದುಕೊಂಡಿದ್ದಾರೆ. ಹಳೆಯ ನಾಣ್ಯ-ನೋಟುಗಳಿಗೆ ಭಾರಿ ಬೆಲೆ ಕೊಡಿಸುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಶುಲ್ಕ ಕೀಳುವವರು ಹೆಚ್ಚಿದಾಗ, 2021ರ ಆಗಸ್ಟ್‌ನಲ್ಲಿ ಆ ಬ್ಯಾಂಕ್ ತಾನು ಇಂಥ ವ್ಯವಹಾರ ಮಾಡುವುದಿಲ್ಲ ಎಂದು ಪ್ರಕಟಣೆ ಕೊಡಬೇಕಾಯಿತು.

ಹಾಗಾದರೆ ಅಸಲಿಯನ್ನು ಹೇಗೆ ಗುರುತಿಸುತ್ತಾರೆ? ಹಿಂದೆ ಇದೇ ಕಸುಬಾಗಿದ್ದ ನೋಟಗಾರರಿದ್ದರು, ಶರಾಫರಿದ್ದರು. ಕಣ್ಣು, ಬೆರಳು, ಕಿವಿ, ತಕ್ಕಡಿ, ಒರೆಗಲ್ಲು ಇಷ್ಟೇ ಅವರ ಸಾಧನ. ಮೊದಲು ತೂಕ: ವಿಜಯನಗರದ ವರಾಹ ಸುಮಾರು 3.4 ಗ್ರಾಂ ಇರಬೇಕು. ಆಮೇಲೆ ಅಂಚು. ಕಮ್ಮಟದಲ್ಲಿ ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದ ನಾಣ್ಯದ ಅಂಚು ಸೀಳಿರುತ್ತದೆ, ಚಿತ್ರ ಒಂದು ಬದಿಗೆ ಸರಿದಿರುತ್ತದೆ, ಗೆರೆಗಳು ಚುರುಕಾಗಿರುತ್ತವೆ. ಎರಕ ಹೊಯ್ದ ನಕಲಿನಲ್ಲಿ ಗೆರೆ ಮೊಂಡು, ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಸಣ್ಣ ಗುಂಡಿ, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ. ಕೈಯಿಂದ ಹೊಡೆದ ಎರಡು ನಾಣ್ಯಗಳು ಎಂದೂ ತದ್ರೂಪಿ ಆಗಿರುವುದಿಲ್ಲ. ಆದ್ದರಿಂದ ಒಂದೇ ಗೀರು, ಒಂದೇ ಬಿರುಕು, ಒಂದೇ ಕಡೆ ಸರಿದ ಚಿತ್ರ ಎರಡು ನಾಣ್ಯಗಳಲ್ಲಿ ಕಂಡರೆ ಎರಡನ್ನೂ ನಂಬಬಾರದು.

ಈಗ ಚಿನ್ನದಂಗಡಿಗಳಲ್ಲೂ ಎಕ್ಸ್‌ಆರ್‌ಎಫ್ ಯಂತ್ರವಿದೆ. ನಾಣ್ಯವನ್ನು ಗೀರದೆಯೇ ಅದರಲ್ಲಿ ಎಷ್ಟು ಚಿನ್ನ, ಎಷ್ಟು ಬೆಳ್ಳಿ, ಎಷ್ಟು ತಾಮ್ರ ಎಂದು ಹೇಳುತ್ತದೆ. ಅದು ಹೇಳುವುದು ಲೋಹವನ್ನು, ಕಾಲವನ್ನಲ್ಲ. ಸವೆದುಹೋದ ಹಳೆಯ ನಾಣ್ಯವನ್ನೇ ಮೂಸೆಯಲ್ಲಿ ಕರಗಿಸಿ ಅಪರೂಪದ ಅಚ್ಚು ಒತ್ತಿದರೆ ಯಂತ್ರ ಮೋಸಹೋಗುತ್ತದೆ. ಇನ್ನು ಕೆಲವು ಮೋಸಕ್ಕೆ ಲೋಹ ಮುಟ್ಟಬೇಕಾಗಿಯೇ ಇಲ್ಲ. ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಬಹಳ ವಿರಳ, 1938ರದ್ದು ಸುಲಭವಾಗಿ ಸಿಗುತ್ತದೆ. ಎಂಟನ್ನು ಒಂಬತ್ತು ಮಾಡಲು ಒಂದು ಚಿಕ್ಕ ಉಳಿ ಸಾಕು. ಅಂಥ ರೂಪಾಯಿ ಕಂಡರೆ ಅನುಭವಿಗಳು ಭೂತಗನ್ನಡಿಯಲ್ಲಿ ಮೊದಲು ನೋಡುವುದು ಆ ಕೊನೆಯ ಅಂಕಿಯನ್ನೇ.

ಎಲ್ಲ ಪರೀಕ್ಷೆ ಮುಗಿದ ಮೇಲೂ ಉಳಿಯುವ ಸಾಕ್ಷಿ ಮಣ್ಣಿನದು. ಯೂರೋಪಿನ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸಿತು. 1713ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಸಿಕ್ಕವೆನ್ನಲಾದ ಕೆಲವು ಚಿನ್ನದ ನಾಣ್ಯಗಳಲ್ಲಿ ಸ್ಪಾನ್ಸಿಯಾನಸ್ ಎಂಬ ರೋಮ್ ಚಕ್ರವರ್ತಿಯ ಹೆಸರಿದೆ. ಅಂಥ ಚಕ್ರವರ್ತಿ ಯಾವ ಚರಿತ್ರೆಯಲ್ಲೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಅವನ್ನು ಕಳಪೆ ಖೋಟಾ ಎಂದು ತಳ್ಳಿಹಾಕಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದ್ದ ಒಂದನ್ನು 2022ರಲ್ಲಿ ಪಾಲ್ ಪಿಯರ್ಸನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಡಿ ಇಟ್ಟರು. ಚಲಾವಣೆಯಲ್ಲಿ ಬಿದ್ದಂಥ ಗೀರುಗಳೂ, ಬಹುಕಾಲ ನೆಲದಡಿ ಇದ್ದುದರಿಂದ ಅಂಟಿ ಗಟ್ಟಿಯಾದ ಮಣ್ಣಿನ ಕಣಗಳೂ ಕಂಡವು. ನಾಣ್ಯ ಅಸಲಿ ಎಂದು ಅವರು ವಾದಿಸಿದರು. ಬೇರೆ ನಾಣ್ಯತಜ್ಞರು ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ಆದರೆ ಮುನ್ನೂರು ವರ್ಷ ಯಾರೂ ಅದನ್ನು ಉಜ್ಜಿ ತೊಳೆಯದೆ ಬಿಟ್ಟಿದ್ದರಿಂದಲೇ ಈ ಚರ್ಚೆ ಸಾಧ್ಯವಾಯಿತು. ನಮ್ಮಲ್ಲಿ ನಾಣ್ಯ ಸಿಕ್ಕ ಕೂಡಲೇ ಮೊದಲು ಮಾಡುವ ಕೆಲಸವೇ ಹುಣಸೆಹಣ್ಣು ಹಾಕಿ ತಿಕ್ಕುವುದು. ಥಳಥಳ ಹೊಳೆಯುತ್ತದೆ, ಸಾಕ್ಷಿ ಬಚ್ಚಲಿಗೆ ಹೋಗಿರುತ್ತದೆ.

ಅದಕ್ಕಿಂತ ಕೆಟ್ಟದ್ದು ಮೂಸೆ. ಅರ್ಧ ಗ್ರಾಂ ಕೂಡ ತೂಗದ, ನರಸಿಂಹನ ಚಿತ್ರವಿರುವ ಕಂಠೀರವ ನರಸರಾಜ ಒಡೆಯರ ಹಣಗಳು ಎಷ್ಟೋ ಮನೆಗಳಲ್ಲಿ ಕರಗಿ ಓಲೆಯೋ ಉಂಗುರವೋ ಆಗಿವೆ. ಇನ್ನೂ ಕೆಟ್ಟದ್ದು ನಿಧಿಯ ಹೆಸರಿನಲ್ಲಿ ನಡೆಯುವ ಹಾರೆ-ಗುದ್ದಲಿಯ ಕೆಲಸ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಯರ ವೃಂದಾವನವನ್ನೇ ನಿಧಿಗಳ್ಳರು ಕೆಡವಿಹಾಕಿದರು. ನಾಡಿನ ಎಷ್ಟೋ ಹಾಳು ದೇಗುಲಗಳಲ್ಲಿ ಪೀಠದ ಕೆಳಗೆ ಗುಂಡಿ ಬಿದ್ದಿರುವುದು ಇದೇ ಆಸೆಯಿಂದ. ನಿಜವಾದ ರಾಶಿಗಳಾದರೋ ಯಶವಂತಪುರದಲ್ಲಿ ಸಿಕ್ಕ ಹಾಗೆ, ಬೇರೆ ಯಾವುದೋ ಕೆಲಸಕ್ಕೆ ನೆಲ ಅಗೆದವರ ಕೈಗೆ ಸಿಕ್ಕಿವೆ.

ನಾಣ್ಯ ಸಿಕ್ಕವರು ಬಚ್ಚಿಡುವುದಕ್ಕೆ ಹೆದರಿಕೆಯೂ ಒಂದು ಕಾರಣ. ಆದರೆ 1878ರ ನಿಧಿ ಕಾಯ್ದೆ ಸಿಕ್ಕವರನ್ನು ಕಳ್ಳರೆಂದು ಕಾಣಲಿಲ್ಲ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದಿತು; ವಾರಸುದಾರರಿಲ್ಲದ ನಿಧಿಯಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಮುಕ್ಕಾಲು ಪಾಲು ಸಿಕ್ಕವರಿಗೆ, ಕಾಲು ಪಾಲು ನೆಲದ ಒಡೆಯರಿಗೆ ಎಂದಿತು. ಕರ್ನಾಟಕಕ್ಕೆ 1962ರಿಂದ ತನ್ನದೇ ನಿಧಿ ಕಾಯ್ದೆ ಇದೆ. ತಿಳಿಸದೆ ಮುಚ್ಚಿಟ್ಟಾಗಲೇ ಅಪರಾಧವಾಗುವುದು.

ಆದ್ದರಿಂದ ಪಾಯ ತೆಗೆಯುವಾಗಲೋ ತೋಟ ಅಗೆಯುವಾಗಲೋ ಮಡಕೆಯ ಚೂರಿನ ಜೊತೆ ನಾಣ್ಯ ಕಂಡರೆ ತಿಕ್ಕಬೇಡಿ, ಹಂಚಿಕೊಳ್ಳಬೇಡಿ, ಅಕ್ಕಸಾಲೆಗೆ ಒಯ್ಯಬೇಡಿ. ಇದ್ದ ಜಾಗದಲ್ಲೇ ಒಂದು ಫೋಟೋ ತೆಗೆಯಿರಿ. ಊರು, ಸರ್ವೆ ನಂಬರು, ಎಷ್ಟು ಅಡಿ ಆಳ, ಜೊತೆಯಲ್ಲಿ ಮತ್ತೇನಿತ್ತು ಎಂಬ ನಾಲ್ಕು ಸಾಲು ಬರೆದಿಟ್ಟು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಸಂಗ್ರಾಹಕರೂ ನಾಣ್ಯದ ಬೆಲೆ ಕೇಳುವ ಮೊದಲು ಅದರ ಊರು ಕೇಳಲಿ. ಊರು ಹೇಳಲಾಗದ ನಾಣ್ಯವನ್ನು ಎಷ್ಟೇ ಅಪರೂಪದ್ದಾದರೂ ಕೈಬಿಡಲಿ.